ಕುಂಚಿಗೆ ತೊಟ್ಟ ಗಾಲ್ಫ್ ಕೋಲು

ಕುದಿಯುವ ನೀರಿಗೆ ಅಂಟುವಾಳದ ಸಿಪ್ಪೆ ಹಾಕಿದಾಗ ಏಳುವ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಸ್ವಲ್ಪ ಹುಳಿ, ಸ್ವಲ್ಪ ಒಗರು, ಬಹಳ ದಿನ ಮುಚ್ಚಿಟ್ಟ ಸೀರೆ ಪೆಟ್ಟಿಗೆ ತೆಗೆದ ಹಾಗೆ. ನಮ್ಮ ಮನೆಯಲ್ಲಿ ಇಳಕಲ್ ಸೀರೆ ತೊಳೆಯುವುದಕ್ಕೆ ಅಂಟುವಾಳ ಬೇಕು. ಅದನ್ನು ಬಿಟ್ಟರೆ ಇನ್ನೊಂದೇ ಒಂದು ವಸ್ತುವಿಗೆ ಅದು ಬೇಕಾಗುತ್ತದೆ. ಇವತ್ತು ಬೆಳಿಗ್ಗೆ ಪೂಜೆ ಮುಗಿಸಿ, ಕೊಪ್ಪಳದ ಪಕ್ಕದ ಭಾಗ್ಯನಗರದ ಮನೆಯ ಹಿತ್ತಲಿನಲ್ಲಿ ಕುಳಿತು ಒಂದು ಗಾಲ್ಫ್ ಕೋಲಿನ ಹಿಡಿಕೆ ತೊಳೆಯುತ್ತಿದ್ದೆ. ನೊರೆ ಎದ್ದಿತು, ವಾಸನೆ ಬಂತು, ಮಗಳು ಪಾರುಗೆ ಕೋಲು ಹುಡುಕಿದ ಆ ಮಳೆಗಾಲ ಪೂರ್ತಿ ಪಕ್ಕದಲ್ಲಿ ಬಂದು ಕುಳಿತಂತಾಯಿತು.

ಗಾಲ್ಫ್ ದೊಡ್ಡವರ ಆಟ, ನಿಮ್ಮ ಮನೆಗೆ ಹೇಗೆ ಬಂತು ಎಂದು ಕೇಳುವವರಿದ್ದಾರೆ. ನಮ್ಮ ಮನೆಗೆ ಅದು ಊಟದ ಡಬ್ಬಿಯ ಹಿಂದೆ ಬಂತು. ನಮ್ಮ ಮನೆಯವರು ಕೊಪ್ಪಳದ ಹೊರಗೆ ಒಂದು ಕಾರ್ಖಾನೆಯ ಕಾಲೊನಿಯಲ್ಲಿ ಮೈದಾನದ ಹುಲ್ಲು ಕತ್ತರಿಸುವ ಕೆಲಸ ಮಾಡುತ್ತಾರೆ. ಅದು ಗಾಲ್ಫ್ ಮೈದಾನ. ಹಸಿರು ಇರುವುದು ಚೆಂಡು ಬೀಳಿಸುವ ಕುಳಿಗಳ ಸುತ್ತ ಮಾತ್ರ, ಉಳಿದದ್ದೆಲ್ಲ ನಮ್ಮ ಕೆಂಪು ಮಣ್ಣೇ. ಮಗಳು ಪಾರ್ವತಿ ಶಾಲೆಗೆ ರಜೆ ಇದ್ದ ದಿನಗಳಲ್ಲಿ ಅಪ್ಪನಿಗೆ ಡಬ್ಬಿ ಒಯ್ಯುತ್ತಿದ್ದಳು. ಅವರು ಉಣ್ಣುವಷ್ಟರಲ್ಲಿ ಯಾರೋ ಬಿಟ್ಟ ಚೆಂಡನ್ನು ಯಾರೋ ಬಿಟ್ಟ ಕೋಲಿನಿಂದ ಹೊಡೆಯುತ್ತಿದ್ದಳು. ಅದನ್ನು ಒಬ್ಬ ಅಧಿಕಾರಿಯ ಹೆಂಡತಿ ನೋಡಿದರು. ನಾವೆಲ್ಲ ಅವರನ್ನು ಮೇಡಂ ಎಂದೇ ಕರೆಯುತ್ತಿದ್ದೆವು. ಹುಡುಗಿಯನ್ನು ಅವರು ಬೈಯಬಹುದಿತ್ತು. ಬೈಯಲಿಲ್ಲ, ಕೈ ಹಿಡಿದು ಕಲಿಸಿದರು. ದೇವರು ಇಂಥ ಉಪಕಾರವನ್ನು ಸದ್ದು ಮಾಡದೆ ಮಾಡುತ್ತಾನೆ. ನಾವು ಆಮೇಲೆ ಕುಳಿತು ಎಣಿಸಿಕೊಳ್ಳಬೇಕು.

ಪಾರು ದೊಡ್ಡವಳಾದಂತೆ ಆಟವೂ ದೊಡ್ಡದಾಯಿತು. ಮೇಡಂ ತಮ್ಮ ಮಗಳು ಬಿಟ್ಟುಹೋದ ಹಳೆಯ ಕೋಲುಗಳನ್ನು ಕೊಟ್ಟರು. ಅದರಲ್ಲಿ ಎಲ್ಲಾ ಇದ್ದವು, ಡ್ರೈವರ್ ಒಂದಿರಲಿಲ್ಲ. ಡ್ರೈವರ್ ಅಂದರೆ ಎಲ್ಲಕ್ಕಿಂತ ಉದ್ದನೆಯ ಕೋಲು, ಬುಡದಲ್ಲಿ ಬದನೆಕಾಯಿಯಷ್ಟು ದಪ್ಪನೆಯ ಟೊಳ್ಳು ತಲೆ. ಆಟದ ಮೊದಲ ಹೊಡೆತ ಅದರದೇ. ಚೆಂಡನ್ನು ಬಲು ದೂರ ಕಳಿಸುವುದು ಅದೇ. ಮೇಡಂ ಹತ್ತಿರ ಒಂದಿತ್ತು, ಆದರೆ ಅವರು ಎಡಚರು. ಎಡಗೈಯವರ ಕೋಲು ಬಲಗೈಯವರಿಗೆ ಬರುವುದಿಲ್ಲ.

ಆ ವರ್ಷ ಮೈಸೂರಿನಲ್ಲಿ ಹುಡುಗಿಯರ ಆಯ್ಕೆ ಇತ್ತು. ದಸರೆ ಮುಗಿದ ಕೂಡಲೆ. ಆಯ್ಕೆಯಾದವರಿಗೆ ಅಲ್ಲೇ ವಸತಿ, ಊಟ, ತರಬೇತಿ, ಜೊತೆಗೆ ಕಾಲೇಜು. ವಯಸ್ಸಿನ ಪ್ರಕಾರ ಪಾರುಗೆ ಅದೇ ಕೊನೆಯ ಸಲ. ಅದು ತಪ್ಪಿದರೆ ಮೇಡಂಗೆ ಕಲಿಸುವುದಕ್ಕೆ ಬೇರೆ ಏನೂ ಉಳಿದಿರಲಿಲ್ಲ, ನಮಗೆ ಕಳಿಸುವುದಕ್ಕೆ ಬೇರೆ ಜಾಗವೂ ಇರಲಿಲ್ಲ. "ಡ್ರೈವರ್ ಇಲ್ಲದೆ ಹೋದರೆ ಪ್ರತಿ ಕುಳಿಗೂ ಒಂದು ಹೊಡೆತ ಹಿಂದೆ ಬೀಳ್ತಾಳೆ" ಎಂದು ಮೇಡಂ ಹೇಳಿದರು. ಹೊಸದರ ಬೆಲೆಯನ್ನೂ ಹೇಳಿದರು.

ಆ ಬೆಲೆ ಕೇಳಿ ನಮ್ಮ ಮನೆಯವರು "ಅಷ್ಟರಾಗ ಒಂದು ಎಮ್ಮಿ ಬರ್ತೈತಿ" ಅಂದರು.

"ಎಮ್ಮಿ ಹಾಲರ ಕೊಡ್ತೈತಿ" ಎಂದು ಅತ್ತೆ ಒಳಗಿನಿಂದ ಸೇರಿಸಿದರು.

ಕೈಯಲ್ಲಿದ್ದದ್ದು ಆ ಬೇಸಿಗೆಯಲ್ಲಿ ನಾನು ಶ್ಯಾವಿಗೆ ಮಾಡಿಕೊಟ್ಟು ಉಳಿಸಿದ ಹಣ. ಹೊಸದು ಬರುವ ಮಾತೇ ಇರಲಿಲ್ಲ. ಹಳೆಯದನ್ನೇ ಹುಡುಕಬೇಕು ಎಂದಾಯಿತು. ಅದಕ್ಕೆ ಮೇಡಂ ಮುಖ ಸಣ್ಣದು ಮಾಡಲಿಲ್ಲ. "ನಾಲ್ಕೈದು ವರ್ಷ ಹಳೆಯದು ಹೊಸದರಷ್ಟೇ ದೂರ ಹೊಡೆಯುತ್ತೆ. ನೋಡಿ ತಗೊಳ್ಳಿ ಅಷ್ಟೆ" ಎಂದರು. ಏನು ನೋಡಬೇಕೆಂಬುದನ್ನು ನನ್ನನ್ನೂ ಕೂರಿಸಿಕೊಂಡು ಹೇಳಿದರು. ತಲೆಯ ಮೇಲಿನ ಗೀರು ಅಂದಕ್ಕೆ ಮಾತ್ರ ಕೇಡು, ಅದನ್ನು ನೋಡಿ ಬಿಟ್ಟುಬರಬಾರದು. ಚೆಂಡು ತಾಗುವ ಮುಖದಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಕೊಳ್ಳಬಾರದು. ಅಲುಗಾಡಿಸಿದರೆ ಒಳಗೆ ಏನೂ ಗುಡುಗುಡು ಅನ್ನಬಾರದು. ಕೋಲು ತಲೆಗೆ ಸೇರುವ ಕುತ್ತಿಗೆ ಬಿಗಿಯಾಗಿರಬೇಕು. ಗಂಡಸರಿಗೆ ಮಾಡಿದ ಸೆಟೆದ ಕೋಲು ಪಾರುಗೆ ಬೇಡ, ಹಗುರಾದದ್ದು, ಸ್ವಲ್ಪ ಬಾಗುವಂಥದ್ದು ಬೇಕು. ಹಿಡಿಕೆಯ ರಬ್ಬರು ಗಟ್ಟಿಯಾಗಿದ್ದರೆ ಚಿಂತೆಯಿಲ್ಲ, ಹೊಸದು ಹಾಕಿಸಬಹುದು, ಆದರೆ ಅದಕ್ಕೆ ಮೈಸೂರು, ಬೆಂಗಳೂರಿಗೇ ಹೋಗಬೇಕು.

ನಾನು ಕೇಳುತ್ತ ಕುಳಿತಿದ್ದೆ. ಎಮ್ಮೆಯ ಹಲ್ಲು ನೋಡುವುದಕ್ಕಿಂತ ಇದೇನು ಕಷ್ಟವಲ್ಲ ಅನ್ನಿಸಿತು.

ವರ್ಗವಾಗಿ ಹೋಗುವ ಅಧಿಕಾರಿಗಳು ಬೇಡದ ಸಾಮಾನು ಬಿಟ್ಟುಹೋಗುತ್ತಾರೆ. ಗಂಗಾವತಿಯ ಖಾದರಸಾಬರು ಅದನ್ನು ಗಾಡಿ ತುಂಬಿಸಿಕೊಂಡು ಹೋಗಿ ಮಾರುತ್ತಾರೆ ಎಂದು ನಮ್ಮ ಮನೆಯವರಿಗೆ ಗೊತ್ತಿತ್ತು. ಶ್ರಾವಣದ ಒಂದು ದಿನ ನಾನೂ ಪಾರುವೂ ಬಸ್ಸು ಹತ್ತಿದೆವು. ಕೊಪ್ಪಳ ಬಿಡುವಾಗ ಮೋಡ ಮಾತ್ರ ಇತ್ತು. ಕಾಲುವೆಯ ಸೀಮೆ ಬಂದಂತೆ ಎರಡೂ ಕಡೆ ನೀರು ನಿಂತ ಗದ್ದೆ, ಬಗ್ಗಿ ನಾಟಿ ಮಾಡುವ ಹೆಂಗಸರ ಬೆನ್ನಿನ ಸಾಲು, ಕಿಟಕಿಯಿಂದ ಹಸಿ ಕೆಸರಿನ ವಾಸನೆ. ನಮ್ಮ ಯಲಬುರ್ಗಾ ಕಡೆಯ ಹೊಲದಲ್ಲಿ ಒಂದು ಮಳೆಗೆ ಇನ್ನೊಂದು ಮಳೆಯನ್ನು ಕಾಯುವ ಹೊತ್ತು ಅದು. ನಾನು ಮನಸ್ಸಿನಲ್ಲಿ ಹುಲಿಗೆಮ್ಮನನ್ನು ನೆನೆದೆ. ಮಂಗಳವಾರವಾದ್ದರಿಂದ ಒಪ್ಪತ್ತು ಇದ್ದೆ.

ಖಾದರಸಾಬರ ಅಂಗಡಿ ಹಳೆಯ ಅಕ್ಕಿ ಗಿರಣಿಯ ಅಂಗಳದಲ್ಲಿತ್ತು. ಬಿಳಿ ಟೋಪಿ, ಬಿಳಿ ಗಡ್ಡ, ಕುರ್ಚಿ ಮಾರಲಿಕ್ಕಿಟ್ಟದ್ದೋ ಕೂರಲಿಕ್ಕಿಟ್ಟದ್ದೋ ತಿಳಿಯದ ಹಾಗೆ ಒಂದರ ಮೇಲೆ ಕುಳಿತಿದ್ದರು.

"ಬರ್ರಿ ಅಕ್ಕಾರ. ಕೂಲರ್ ಅದಾವ, ಮಂಚ ಅದಾವ. ಏನ್ ಬೇಕಾಗಿತ್ರಿ?"

ಗಾಲ್ಫ್ ಕೋಲು ಎಂದೆ.

"ಅವೇನ್ರಿ? ಕಪಾಟಿನ ಹಿಂದ ಅದಾವ ನೋಡ್ರಿ. ಹಾಕಿ ಕೋಲು ಅಂತ ನಾಕ್ ಮಂದಿ ಎತ್ತಿ ನೋಡಿ ಇಟ್ಟು ಹೋಗ್ಯಾರ. ಫ್ಯಾನಿನ ಬಗ್ಗೆ ಕೇಳ್ರಿ, ಕಣ್ಣು ಮುಚ್ಚಿ ಹೇಳ್ತೀನಿ. ಇವು ನನಗ ತಿಳಿಯಂಗಿಲ್ಲ."

ಕಪಾಟಿನ ಹಿಂದೆ ಎರಡು ಚೀಲ, ಒಂದು ಬಿಡಿ ಕೋಲು. ಎಲ್ಲಾ ಹುಡುಕಿದರೆ ಮೂರು ಡ್ರೈವರ್ ಸಿಕ್ಕವು. ಮೊದಲನೆಯದನ್ನು ಹಿಡಿದ ಕೂಡಲೆ ಪಾರು ಕೆಳಗಿಟ್ಟಳು. ಎಡಗೈಯವರದು. ಎರಡನೆಯದು ಬಿಡಿಯಾಗಿದ್ದ ಕೋಲು. ಕಪ್ಪಗೆ, ಲಕಲಕ ಹೊಳೆಯುತ್ತಿತ್ತು, ಒಂದು ಗೀರಿಲ್ಲ. ಮೂರನೆಯದು ಚೀಲದೊಳಗಿತ್ತು. ತಲೆಯ ಮೇಲೆ ಬಣ್ಣ ಹೋಗಿ, ರೊಟ್ಟಿ ಹಂಚಿನ ಬೆನ್ನಿನಂತೆ ಕಾಣುತ್ತಿತ್ತು. ಹಿಡಿಕೆ ಜಿಡ್ಡುಗಟ್ಟಿ ಕಲ್ಲಿನಂತಾಗಿತ್ತು. ನನಗೆ ಎರಡನೆಯದರ ಮೇಲೆಯೇ ಕಣ್ಣು. ದೂರದ ಊರಿಗೆ ಹೋಗುವ ಹುಡುಗಿ, ನಾಲ್ಕು ಮಂದಿ ನೋಡುವ ಕಡೆ ಹೊಳೆಯುವ ವಸ್ತು ಹಿಡಿದಿರಲಿ ಎಂಬ ಆಸೆ. ಅಲುಗಾಡಿಸಿದೆ, ಒಳಗೆ ಸದ್ದಿಲ್ಲ. ಕುತ್ತಿಗೆ ಬಿಗಿಯಾಗಿತ್ತು.

"ಇದನ್ನ ತಗೋಳೋಣ" ಎಂದೆ.

"ಹೊಡದು ನೋಡ್ತೀನವ್ವಾ" ಎಂದಳು ಪಾರು.

ಹೊಡೆಯುವುದೆಲ್ಲಿ? ಅಂಗಳದ ಆಚೆ ರಸ್ತೆ. ಖಾದರಸಾಬರು ಸುತ್ತ ನೋಡಿದರು. ಆಮೇಲೆ ಯಾವುದೋ ಅಧಿಕಾರಿಯ ಮನೆಯಿಂದ ಬಂದ ದಪ್ಪನೆಯ ಹತ್ತಿಯ ಹಾಸಿಗೆಯೊಂದನ್ನು ಎಳೆದು ತಂದು ಗಿರಣಿಯ ತೊಲೆಗೆ ಹಗ್ಗ ಕಟ್ಟಿ ನೇತುಹಾಕಿದರು. "ಇದಕ್ಕ ಹೊಡಿ ಮಗಳ. ಯಾರಿಗೂ ಬಡಿಯೂದಿಲ್ಲ."

ಪಾರು ಜೊತೆಗೆ ತಂದಿದ್ದ ಚೆಂಡಿಟ್ಟು, ಹೊಳೆಯುವ ಕೋಲು ಬೀಸಿದಳು. ಪಟ್ ಎಂಬ ಸತ್ತ ಸದ್ದು. ಚೆಂಡು ಹಾಸಿಗೆಗೆ ತಾಗಿ ಕೆಳಗೆ ಬಿತ್ತು. ಇನ್ನೊಮ್ಮೆ ಹೊಡೆದರೂ ಅದೇ. ಸಂತೆಯಲ್ಲಿ ಗಡಿಗೆಯನ್ನು ಬೆರಳಿನಿಂದ ಬಾರಿಸಿ ನೋಡುವಾಗ ಒಡಕು ಗಡಿಗೆ ಕೊಡುವ ಸದ್ದು ನನಗೆ ಗೊತ್ತು, ಇದು ಅದೇ. ಪಾರು ಕೋಲಿನ ಮುಖದ ಮೇಲೆ ಹೆಬ್ಬೆರಳು ಎಳೆದಳು. ಮೇಲಿನ ಅಂಚಿನಲ್ಲಿ ನಿಲ್ಲಿಸಿದಳು. ಕೂದಲೆಳೆಯಷ್ಟು ಸೀಳು.

ಖಾದರಸಾಬರು ಕುರ್ಚಿ ಬಿಟ್ಟು ಎದ್ದರು. "ಏನ್ ಮಗಳ, ಹೊಡದು ಸೀಳಿದೇನು?"

ಅದನ್ನೇ ಕೊಳ್ಳಬೇಕಾಗಿ ಬಂದರೆ ಕೈಯಲ್ಲಿದ್ದದ್ದೂ ಹೋಗಿ, ಡ್ರೈವರೂ ಇಲ್ಲದೆ ಬರಬೇಕಿತ್ತು. ಪಾರು ಮಾತ್ರ ನಿಧಾನವಾಗಿ ಕೋಲನ್ನು ಅವರ ಮುಂದೆ ಹಿಡಿದಳು. "ಮೊದಲಿಂದನ ಇತ್ರಿ ಕಾಕಾ. ನೋಡ್ರಿ, ಸೀಳಿನಾಗ ಧೂಳು ಕುಂತೈತಿ."

ಅವರು ಚಷ್ಮಾ ಹಾಕಿಕೊಂಡರು. ಬೆಳಕಿಗೆ ಹಿಡಿದರು. ಉಗುರಿನಿಂದ ಕೆರೆದು, ಉಗುರನ್ನೂ ನೋಡಿದರು. "ಖರೆ ಐತಿ" ಎಂದು ಕೋಲನ್ನು ಗುಜರಿಯ ಕಡೆ ಇಟ್ಟರು. ದುಡ್ಡು ಕೇಳಲಿಲ್ಲ. ಅದು ಆ ದಿನದ ಮೊದಲ ಕೃಪೆ.

ಉಳಿದದ್ದು ಆ ಹಂಚಿನ ಬೆನ್ನಿನದು. ಪಾರು ಅದನ್ನು ಎತ್ತಿದಾಗಲೇ ಅವಳ ಮುಖ ಬೇರೆಯಾಯಿತು. "ಹಗುರ ಐತಿ ಅವ್ವಾ. ಹೆಣಮಕ್ಕಳದ" ಎಂದಳು. ಬೀಸಿದಳು. ಟಣ್ ಎಂದು ತುಂಬಿದ ಸದ್ದು ಬಂತು. ಹಾಸಿಗೆ ಹಿಂದಕ್ಕೆ ತೂಗಿ, ಒಳಗಿದ್ದ ಧೂಳನ್ನೆಲ್ಲ ಖಾದರಸಾಬರ ಟೋಪಿಯ ಮೇಲೆ ಸುರಿಯಿತು.

ಅವರು ಟೋಪಿ ಕೊಡವುತ್ತ "ಆ ಸಾಹೇಬ್ರು ಇಷ್ಟು ಧೂಳಿನ ಮ್ಯಾಲ ಮಲಗತಿದ್ರೇನ್ರಿ" ಎಂದರು.

ತೊಡಕು ಇನ್ನೂ ಇತ್ತು. ಆ ಕೋಲು ಚೀಲದ ಜೊತೆಯದು, ಬಿಡಿಯಾಗಿ ಕೊಡುವುದಿಲ್ಲ ಎಂದರು. "ಜೋಡಿ ಮುರದ್ರ ಉಳದದ್ದು ಯಾರ್ ಒಯ್ತಾರ ಹೇಳ್ರಿ ಅಕ್ಕಾರ." ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹುಡುಗಿಗೆ ಇದು ಕೊನೆಯ ಸಲ, ಚೀಲಕ್ಕೆ ಕೊಡುವ ಶಕ್ತಿ ನಮಗಿಲ್ಲ, ಇದೊಂದಕ್ಕೆ ಎಷ್ಟು ನ್ಯಾಯವೋ ಅಷ್ಟು ಹೇಳಿ ಎಂದೆ. ಅವರು ಪಾರುವನ್ನು ನೋಡಿದರು. ಅವಳು ಆಗಲೇ ಕೋಲಿನ ತಲೆಯನ್ನು ಓಢಣಿಯಿಂದ ಒರೆಸುತ್ತಿದ್ದಳು.

"ಇನ್ನೊಂದ್ಸಲ ಹೊಡಿ ಮಗಳ" ಎಂದರು. ಅವಳು ಹೊಡೆದಳು. ಹಾಸಿಗೆ ಮತ್ತೆ ತೂಗಿತು.

"ಒಯ್ರಿ" ಎಂದರು. "ಉಳದದ್ದು ಪರದೆ ಕಟ್ಟೂ ರಾಡ್ ಆಗ್ತಾವ." ಬಿಸ್ಮಿಲ್ಲಾ ಎಂದು ಎರಡೂ ಕೈಯಲ್ಲಿ ಕೋಲನ್ನು ಕೊಟ್ಟರು. ನಾನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡೆ. ಬಸ್ಸಿನಲ್ಲಿ ನಿರ್ವಾಹಕರು ಇದಕ್ಕೂ ಟಿಕೆಟ್ ಬೇಕೇನು ಎಂದು ನಗೆಯಾಡಿದರು. ಪಾರು ಅದನ್ನು ಗಂಗಾವತಿಯಿಂದ ಮನೆಯವರೆಗೆ ತೊಡೆಯ ಮೇಲಿಂದ ಇಳಿಸಲಿಲ್ಲ.

ಅತ್ತೆ ಅದನ್ನು ಕಂಡು ಮೂಗು ಮುರಿದರು. ಕುಷ್ಟಗಿ ಕಡೆಯ ಹೆಣ್ಣುಮಗಳು, ಮನಸ್ಸಿನಲ್ಲಿ ಇದ್ದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವವರಲ್ಲ. "ಯಾರ್ ಬಿಟ್ಟ ಕೋಲೋ ಏನೋ. ಯಾರ ಕಣ್ಣು ಬಿದ್ದಾವೋ" ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಹಾಗೆಂದು ಮೊಮ್ಮಗಳ ಮೇಲೆ ಪ್ರೀತಿ ಕಡಿಮೆ ಇತ್ತು ಎಂದಲ್ಲ. ಕೋಲಿನ ಮೇಲೆ ನಂಬಿಕೆ ಇರಲಿಲ್ಲ.

ಆಮೇಲಿನ ಎರಡು ತಿಂಗಳು ಪಾರು ಬೆಳಕು ಹರಿಯುವ ಮೊದಲೇ ಅಪ್ಪನ ಸೈಕಲ್ಲಿನ ಹಿಂದೆ ಕುಳಿತು ಮೈದಾನಕ್ಕೆ ಹೋದಳು. ಚೆಂಡು ದೂರ ಹೋಗುತ್ತಿತ್ತು. ಆದರೆ ಬೆವರಿದರೆ ಹಿಡಿಕೆ ಜಾರುತ್ತಿತ್ತು. ಬಿಗಿಯಾಗಿ ಹಿಡಿದು ಹಿಡಿದು ಅಂಗೈ ಬೊಬ್ಬೆ ಎದ್ದಿತ್ತು. ಹೊಸ ಹಿಡಿಕೆಯನ್ನು ಮೈಸೂರಿಗೆ ಹೋದಾಗಲೇ ಹಾಕಿಸಿದರಾಯಿತು ಎಂದುಕೊಂಡೆವು. ಅಲ್ಲಿ ಅದಕ್ಕೆ ಹೊತ್ತೂ ದುಡ್ಡೂ ಸಿಗುವ ಮಾತಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಮಹಾನವಮಿ ಬಂತು. ನಮ್ಮಲ್ಲಿ ಆ ದಿನ ಮನೆಯ ಆಯುಧಗಳನ್ನೆಲ್ಲ ತೊಳೆದು, ಹಿಡಿಕೆಗಳಿಗೆ ಎಣ್ಣೆ ತಿಕ್ಕಿ ಪೂಜೆಗಿಡುತ್ತಾರೆ. ಕುಡುಗೋಲು, ಕೊಡಲಿ, ಈಳಿಗೆ, ನಮ್ಮ ಮನೆಯವರ ಹುಲ್ಲು ಕತ್ತರಿ. ಎಣ್ಣೆ ಕುಡಿದ ಹಿಡಿಕೆ ಒಡೆಯುವುದಿಲ್ಲ. ಅದು ಅತ್ತೆಯ ಕೆಲಸ. ನಾನು ಹೋಳಿಗೆಯ ಒಲೆಯ ಮುಂದಿದ್ದೆ. ಸಂಜೆ ಹೊರಗೆ ಬಂದು ನೋಡಿದರೆ ಡ್ರೈವರೂ ಕೊಡಲಿಯ ಪಕ್ಕ ಕುಳಿತಿತ್ತು. ತಲೆಗೆ ಮೂರು ಬೆರಳು ವಿಭೂತಿ, ಕುಂಕುಮ, ಚೆಂಡುಹೂವು. ಅತ್ತೆ ಅದನ್ನು ಮನೆಯ ಆಯುಧವೆಂದು ಒಪ್ಪಿಕೊಂಡದ್ದು ನೋಡಿ ನನಗೆ ಸಮಾಧಾನವಾಯಿತು. ಕೈ ಮುಗಿದೆ. ಹಿಡಿಕೆಯನ್ನು ಯಾರೂ ಮುಟ್ಟಿ ನೋಡಲಿಲ್ಲ.

ಬನ್ನಿ ಕೊಟ್ಟು ತೆಗೆದುಕೊಂಡದ್ದಾಯಿತು. ಮರುದಿನ ಬೆಳಿಗ್ಗೆ ಅಪ್ಪ ಮಗಳು ಮೈದಾನಕ್ಕೆ ಹೋದರು. ಹೋದಷ್ಟೇ ಬೇಗ ಬಂದರು. ಇಬ್ಬರ ಮುಖವೂ ಬಾಡಿತ್ತು.

"ಏನಾತು?" ಎಂದೆ.

"ಚೆಂಡು ಹೋಗಲಿಲ್ಲ. ಕೋಲು ಹೋತು" ಎಂದರು ನಮ್ಮ ಮನೆಯವರು. "ಬೇವಿನ ಗಿಡದಾಗ ಸಿಕ್ಕಿತ್ತು. ಏಣಿ ಹಾಕಿ ಇಳಿಸಿದೆ."

ಅತ್ತೆ ಹಿಡಿಕೆಗೆ ಕುಸುಬಿ ಎಣ್ಣೆಯನ್ನು ಚೆನ್ನಾಗಿ ತಿಕ್ಕಿದ್ದರು. ಒಂದಲ್ಲ, ಎರಡು ಸಲ. ಕಟ್ಟಿಗೆಯ ಹಿಡಿಕೆ ಎಣ್ಣೆ ಕುಡಿಯುತ್ತದೆ, ರಬ್ಬರು ಕುಡಿಯುವುದಿಲ್ಲ. ಕೋಲು ಮುರಿದಿರಲಿಲ್ಲ. ಬೇವಿನ ಕೊಂಬೆ ಕೈ ಚಾಚಿ ಹಿಡಿದಂತೆ ಹಿಡಿದಿತ್ತು, ಕಲ್ಲಿನ ಮೇಲೆ ಬಿದ್ದಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಮೈಸೂರಿನ ರೈಲಿಗೆ ಉಳಿದದ್ದು ಕೆಲವೇ ದಿನ. ಬಟ್ಟೆಯಿಂದ ಎಷ್ಟು ಒರೆಸಿದರೂ ಹಿಡಿಕೆ ಮೀನಿನಂತೆ ಜಾರುತ್ತಿತ್ತು.

ಯಾರೂ ಅತ್ತೆಗೆ ಒಂದು ಮಾತು ಅನ್ನಲಿಲ್ಲ. ಅದೇ ಅವರಿಗೆ ಕಷ್ಟವಾಯಿತು. ಮಧ್ಯಾಹ್ನ ರೊಟ್ಟಿಯ ತಾಟನ್ನು ಸರಿಸಿ "ನಾನ ಹುಡುಗಿ ದಾರಿಗೆ ಅಡ್ಡ ಬಂದ್ನೆಲ್ಲೋ ಶಿವನ" ಎಂದು ಗೋಡೆಯ ಕಡೆ ತಿರುಗಿ ಕುಳಿತರು.

ನನಗೆ ತಿಳಿದದ್ದು ಒಂದೇ. ಜಿಡ್ಡು ಹೋಗಬೇಕು, ವಸ್ತು ಕೆಡಬಾರದು ಎಂದರೆ ಅಂಟುವಾಳ. ಸಿಪ್ಪೆ ಕುದಿಸಿ, ಬೆಚ್ಚಗಾಗಲು ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕತೊಡಗಿದೆ. ಮೊದಲು ಎಣ್ಣೆ ಬಿಟ್ಟಿತು. ಇನ್ನೊಂದು ನೀರಿಗೆ ಕಪ್ಪು ಬಿಡತೊಡಗಿತು. ಇದೇನು ರಬ್ಬರಿನ ಬಣ್ಣವೇ ಹೋಗುತ್ತಿದೆಯೇ ಎಂದು ಹೆದರಿದೆ. ಬಣ್ಣವಲ್ಲ, ಕೊಳೆ. ಯಾರದೋ ಕೈಯ ವರ್ಷಗಟ್ಟಲೆಯ ಬೆವರು, ಮಣ್ಣು. ಅದರ ಕೆಳಗೆ ಒಂದೊಂದಾಗಿ ಸಣ್ಣ ಸಣ್ಣ ಗೆರೆಗಳು ಎದ್ದವು, ಕೆಂಪು ಬಣ್ಣದ ಒಂದು ಹೂವಿನ ಗುರುತು ಕಂಡಿತು. ನೆರಳಿನಲ್ಲಿ ಒಣಗಿಸಿ ಮುಟ್ಟಿದರೆ ರಬ್ಬರು ಬೆರಳನ್ನು ಹಿಡಿದುಕೊಳ್ಳುತ್ತಿತ್ತು. ಕಲ್ಲಾಗಿದೆ ಎಂದುಕೊಂಡಿದ್ದ ಹಿಡಿಕೆ ಕಲ್ಲಾಗಿರಲೇ ಇಲ್ಲ, ಕೊಳೆಯಾಗಿತ್ತು ಅಷ್ಟೆ.

ಪಾರು ಹಿಡಿದು ಅಂಗಳದಲ್ಲಿ ಒಂದೆರಡು ಸಲ ಬೀಸಿದಳು. ಅಜ್ಜಿಯ ಹತ್ತಿರ ಹೋಗಿ ಕುಳಿತಳು. "ಆಯಿ, ನೀ ಎಣ್ಣಿ ಹಚ್ಚಲಿಲ್ಲಂದ್ರ ಅವ್ವ ತೊಳೀತಿದ್ದಿಲ್ಲ. ಏಳು, ಉಣ್ಣು."

"ಸುಮ್ನ ನನ್ನ ಸಮಾಧಾನ ಮಾಡ್ತಿ."

"ಕೈ ತಾ" ಎಂದು ಅವಳು ಅಜ್ಜಿಯ ಕೈಗೆ ಹಿಡಿಕೆ ಕೊಟ್ಟಳು. ಅತ್ತೆ ಹಿಡಿದರು, ಜಗ್ಗಿದರು, ಬಿಟ್ಟು ಮತ್ತೆ ಹಿಡಿದರು. ಆಮೇಲೆ ತಾಟು ಎಳೆದುಕೊಂಡರು.

ಆ ಸಂಜೆ ಅವರು ತಮ್ಮ ಟ್ರಂಕು ತೆಗೆದರು. ಹರಿದ ಇಳಕಲ್ ಸೀರೆಯ ಕೆಂಪು ಸೆರಗು, ಒಳಗಡೆಗೆ ಮಾವನವರ ಹಳೆಯ ಧೋತರದ ತುಂಡು. ಕೂಸುಗಳಿಗೆ ಹೊಲಿಯುವಂತೆ ಒಂದು ಕುಂಚಿಗೆ ಹೊಲಿದರು, ಕಟ್ಟಲು ಲಾಡಿಯನ್ನೂ ಇಟ್ಟು. "ಮಂದಿ ಕೋಲಿಗೆಲ್ಲ ಟೊಪಿಗಿ ಇರ್ತಾವಂತಲ್ಲ, ನಮ್ಮದ್ಯಾಕ ಬರಿ ತಲೀಲೆ ಹೋಗಬೇಕು" ಎಂದರು. ನಮ್ಮದು ಎಂದರು. ನಾನು ಕೇಳಿಸಿಕೊಂಡೆ.

ಮೈಸೂರಿಗೆ ನಾನೇ ಹೋದೆ. ಅಷ್ಟು ದೂರ ನಾನು ಅಂದಿನವರೆಗೆ ಹೋದವಳಲ್ಲ. ಆಯ್ಕೆಯ ದಿನ ಬೆಳಗಿನಿಂದಲೇ ಜಿಟಿಜಿಟಿ. ನಮ್ಮ ಕಡೆಯ ಮಳೆ ಬಂದರೆ ಬಂದು ಹೋಗುತ್ತದೆ, ಅಲ್ಲಿಯದು ನಿಲ್ಲುವುದೂ ಇಲ್ಲ, ಜೋರಾಗುವುದೂ ಇಲ್ಲ. ಬೇರೆ ಹುಡುಗಿಯರ ಕೋಲುಗಳ ತಲೆಗೆ ಹುಲಿ, ಕರಡಿಯ ಮುಖದ ಮೆತ್ತನೆಯ ಟೊಪ್ಪಿಗೆಗಳು. ಒಬ್ಬಳು ಪಾರುವಿನ ಕೋಲು ನೋಡಿ "ಇದೇನು?" ಎಂದಳು.

"ಕುಂಚಿಗಿ. ನಮ್ಮ ಆಯಿ ಹೊಲದಾಳ. ಮಳಿಯಾಗ ಕೂಸಿಗೆ ನೆಗಡಿ ಆಗಬಾರದಲ್ಲ" ಎಂದಳು ಪಾರು. ಆ ಹುಡುಗಿ ನಕ್ಕಳು, ಇವಳೂ ನಕ್ಕಳು.

ನಾನು ಒಂದು ಮರದ ಕೆಳಗೆ ಕೊಡೆ ಹಿಡಿದು ಪಂಚಾಕ್ಷರಿ ಹೇಳಿಕೊಳ್ಳುತ್ತ ನಿಂತಿದ್ದೆ. ಮುಂದಿನ ಹುಡುಗಿಯರ ಕೈ ಒದ್ದೆಯಾಗಿ ಜಾರುತ್ತಿತ್ತು. ಒಬ್ಬಳು ಅಂಗೈಯನ್ನು ಪ್ಯಾಂಟಿಗೆ ಒರೆಸಿ ಒರೆಸಿ ಸೋತಳು. ಪಾರುವಿನ ಸರದಿ ಬಂತು. ಅವಳು ಚೀಲದಿಂದ ಡ್ರೈವರ್ ತೆಗೆದಾಗ ತಲೆ ಬರಿದಾಗಿ ಮಳೆಯಲ್ಲಿ ನೆನೆಯುತ್ತಿತ್ತು. ಕುಂಚಿಗೆ ತಲೆಯ ಮೇಲಿರಲಿಲ್ಲ. ಅವಳು ಯಾವಾಗಲೋ ಅದನ್ನು ಬಿಚ್ಚಿ, ಹಿಡಿಕೆಗೆ ತೊಡಿಸಿ ಲಾಡಿ ಬಿಗಿದಿದ್ದಳು. ಹೊಡೆಯುವ ಕ್ಷಣಕ್ಕೆ ಬಿಚ್ಚಿ ಜೇಬಿಗೆ ಹಾಕಿಕೊಂಡಳು. ಅಜ್ಜಿ ಎಣ್ಣೆ ಹಚ್ಚಿದ ಹಿಡಿಕೆಯನ್ನು ಅಜ್ಜಿಯ ಸೆರಗೇ ನೆನೆಯದಂತೆ ಕಾಯ್ದಿತ್ತು.

ಟಣ್ ಎಂದಿತು. ಆ ಸದ್ದು ನನಗೆ ಗೊತ್ತಿತ್ತು. ಚೆಂಡು ಎಲ್ಲಿ ಹೋಯಿತೋ ಕಾಣಲಿಲ್ಲ, ನನ್ನ ಕಣ್ಣು ಮಂಜಾಗಿತ್ತು.

ಸಂಜೆಗೆ ಹೆಸರು ಓದಿದರು. ನಮ್ಮ ಹೆಸರು ಎಲ್ಲಕ್ಕಿಂತ ಕೊನೆಗೆ ಬಂತು. ಬಂತು, ಅದು ಮುಖ್ಯ. ಮನೆಗೆ ಫೋನು ಮಾಡಿದಾಗ ನಮ್ಮ ಮನೆಯವರು "ಕೆಳಗಿಂದ ಓದಿದ್ರ ನಮ್ಮದ ಮೊದಲು" ಎಂದರು. ಹಿಂದಿನಿಂದ ಅತ್ತೆಯ ದನಿ: "ಕುಂಚಿಗಿ ಕಳದೀರಿ, ನೋಡ್ಕೊಂಡು ಬರ್ರಿ."

ಪಾರು ಈಗ ಮೈಸೂರಿನಲ್ಲೇ ಒಂದು ಶಾಲೆಯ ಮಕ್ಕಳಿಗೆ ಈ ಆಟ ಕಲಿಸುತ್ತಾಳೆ. ಅವಳ ಹತ್ತಿರ ಬೇರೆ ಡ್ರೈವರ್ ಇದೆ. ಹಳೆಯದನ್ನು ಮನೆಯಲ್ಲಿಟ್ಟು ಏನು ಮಾಡ್ತೀರಿ ಎಂದು ಮೊನ್ನೆ ಅವಳೇ ಕೇಳಿದಳು. ಹನುಮಸಾಗರದಿಂದ ಬಂದು ಮೈದಾನದ ಕೆಲಸಕ್ಕೆ ಸೇರಿದವರೊಬ್ಬರ ಮಗಳು ರೇಣುಕಾ, ಡಬ್ಬಿ ತರುವ ನೆಪದಲ್ಲಿ ಚೆಂಡು ಹೊಡೆಯುತ್ತಾಳಂತೆ. ಅದಕ್ಕೇ ಇವತ್ತು ಅಂಟುವಾಳ ಒಲೆಯೇರಿತು.

ಹತ್ತು ಗಂಟೆಯ ಹೊತ್ತಿಗೆ ಆ ಹುಡುಗಿ ಬಂದಳು. ತಲೆಯ ಮೇಲಿನ ಗೀರುಗಳನ್ನು ನೋಡಿ ಸ್ವಲ್ಪ ಅನುಮಾನಿಸಿದಳು. ನಾನು ಅವಳ ಹೆಬ್ಬೆರಳು ಹಿಡಿದು ಕೋಲಿನ ಮುಖದ ಮೇಲೆ ಎಳೆಸಿದೆ. "ಸೀಳು ಸಿಗ್ತೇನು?" "ಇಲ್ರಿ." "ಹಂಗಾದ್ರ ಛಲೋ ಐತಿ, ಒಯ್ಯಿ."

ಅತ್ತೆಗೆ ಈಗ ಕಣ್ಣು ಅಷ್ಟು ಕಾಣುವುದಿಲ್ಲ. ಕೈಯಾಡಿಸಿ ಕೋಲನ್ನು ಇಸಿದುಕೊಂಡರು. ತಲೆ ಯಾವುದು, ಹಿಡಿಕೆ ಯಾವುದು ಎಂದು ಸವರಿ ನೋಡಿ, ಮಡಿಲಲ್ಲಿದ್ದ ಕುಂಚಿಗೆಯನ್ನು ಹಿಡಿಕೆಗೆ ತೊಡಿಸಿ, ಕೂಸಿನ ಗದ್ದಕ್ಕೆ ಕಟ್ಟುವಷ್ಟೇ ಸಡಿಲವಾಗಿ ಲಾಡಿ ಕಟ್ಟಿದರು.

"ತಂಗಿ, ಮಹಾನವಮಿಗೆ ಪೂಜಾ ಮಾಡು, ಬ್ಯಾಡ ಅನ್ನಂಗಿಲ್ಲ" ಎಂದರು. "ಆದ್ರ ಎಣ್ಣಿ ಮಾತ್ರ ಹಚ್ಚಬ್ಯಾಡ."